ತಿದ್ದೋಲೆಯಲ್ಲಿ ಪಂಕ್ತಿಭೇದ ಬೇಡ

ದರ ಕೇಳಿ ಕಳುಹಿಸಿದ ಪತ್ರವನ್ನು ಕಂಪ್ಯೂಟರಿನಲ್ಲಿ ತಿದ್ದಲು ಒಂದು ನಿಮಿಷ ಸಾಕು. ಆ ನಿಮಿಷದಲ್ಲಿ ಒಬ್ಬ ವರ್ತಕನ ವರ್ಷದ ಲಾಭ ಕರಗಬಹುದು, ನೂರಾರು ಜನರ ಊಟ ತಡವಾಗಬಹುದು. ತಿದ್ದುವುದಕ್ಕೂ ಒಂದು ಕ್ರಮವಿದೆ.

ಬೆಂಗಳೂರಿನಿಂದ ಹಾಸನದ ಕಡೆ ಹೋಗುವ ಹೆದ್ದಾರಿಯಲ್ಲಿ ಕುಣಿಗಲ್ ದಾಟಿ ತೆಂಗಿನ ತೋಟಗಳ ನಡುವೆ ಸಾಗಿದರೆ ಯಡಿಯೂರು. ತೋಂಟದ ಸಿದ್ಧಲಿಂಗ ಯತಿಗಳು ಐಕ್ಯರಾದ ಕ್ಷೇತ್ರವಿದು. ಹತ್ತಿರದ ಕಗ್ಗೆರೆಯ ತೋಟದಲ್ಲಿ ತಪಸ್ಸು ಮಾಡಿದ್ದರಿಂದಲೇ ಅವರಿಗೆ ‘ತೋಂಟದ’ ಎಂಬ ಹೆಸರು ಬಂತೆಂದು ಭಕ್ತರು ಹೇಳುತ್ತಾರೆ. ಮಧ್ಯಾಹ್ನದ ಹೊತ್ತಿಗೆ ದರ್ಶನ ಮುಗಿಸಿದವರು ದಾಸೋಹದ ಕಡೆ ನಡೆಯುತ್ತಾರೆ. ಒಂದು ಪಂಕ್ತಿ ಏಳುತ್ತದೆ, ಇನ್ನೊಂದು ಕೂರುತ್ತದೆ. ಬಡಿಸುವವರು ಅನ್ನದ ಬುಟ್ಟಿ ಹಿಡಿದು ಸಾಲಿನ ಈ ತುದಿಯಿಂದ ಆ ತುದಿಗೆ ಸಾಗುತ್ತಾರೆ. ಯಾರನ್ನೂ ದಾಟಿ ಹೋಗುವುದಿಲ್ಲ. ಕಾರಿನಲ್ಲಿ ಬಂದವರಿಗೂ ಕಾಲ್ನಡಿಗೆಯಲ್ಲಿ ಬಂದವರಿಗೂ ಅದೇ ಸಾರು, ಅದೇ ಸೌಟು.

ಉಂಡು ಕೈತೊಳೆಯುವಾಗ ನಮ್ಮಲ್ಲಿ ಹೆಚ್ಚಿನವರಿಗೆ ಹೊಳೆಯದ ಪ್ರಶ್ನೆಯೊಂದಿದೆ. ಇಂಥ ಅಡುಗೆಮನೆಗಳಿಗೆ ಬೇಕಾಗುವ ಅಕ್ಕಿ, ಬೇಳೆ, ಬೆಲ್ಲ, ಕಾಯಿಯನ್ನು ಯಾರಿಂದ, ಯಾವ ದರಕ್ಕೆ, ಹೇಗೆ ತರುತ್ತಾರೆ? ಒಬ್ಬರ ಮನೆಯ ದಿನಸಿಯಾದರೆ ಚೀಟಿ ಬರೆದು ಅಂಗಡಿಗೆ ಕೊಟ್ಟರೆ ಮುಗಿಯಿತು. ದಾಸೋಹ, ವಿದ್ಯಾರ್ಥಿ ನಿಲಯ, ಆಸ್ಪತ್ರೆ, ಕಾರ್ಖಾನೆಗಳಲ್ಲಿ ಖರ್ಚಾಗುವುದು ಹತ್ತು ಜನರ ದುಡ್ಡು. ಅಲ್ಲಿ ಚೀಟಿಗೂ ಲೆಕ್ಕ ಒಪ್ಪಿಸಬೇಕು. ಬರೆದ ಚೀಟಿಯನ್ನು ತಿದ್ದಿದರೆ ಅದಕ್ಕೂ ಒಪ್ಪಿಸಬೇಕು.

ಕೇಳುವುದು ಬೇರೆ, ಕೊಳ್ಳುವುದು ಬೇರೆ

ಖರೀದಿಯಲ್ಲಿ ಮೂರು ಬೇರೆ ಬೇರೆ ಕಾಗದಗಳಿವೆ. ಮೊದಲನೆಯದು ದರ ಕೇಳುವ ಪತ್ರ. ‘ನಮಗೆ ಇಂಥ ಸಾಮಾನು ಇಷ್ಟು ಬೇಕು, ಇಂಥ ದಿನಕ್ಕೆ ಬೇಕು, ನಿಮ್ಮ ದರ ತಿಳಿಸಿ’ ಎಂದು ನಾಲ್ಕಾರು ವರ್ತಕರಿಗೆ ಒಟ್ಟಿಗೆ ಹೋಗುವ ಪತ್ರವಿದು. ಎರಡನೆಯದು ವರ್ತಕರು ಕೊಡುವ ದರಪಟ್ಟಿ, ಎಲ್ಲರ ಬಾಯಲ್ಲಿರುವ ಕೊಟೇಶನ್. ಮೂರನೆಯದು ಖರೀದಿ ಆದೇಶ.

1872ರ ಭಾರತೀಯ ಕರಾರು ಕಾಯ್ದೆಯ ಕಣ್ಣಲ್ಲಿ ದರ ಕೇಳುವ ಪತ್ರ ಬರೀ ಆಹ್ವಾನ. ‘ನಾನು ಈ ದರಕ್ಕೆ ಕೊಡುತ್ತೇನೆ’ ಎಂದು ವರ್ತಕ ಬರೆದುಕೊಟ್ಟಾಗ ಪ್ರಸ್ತಾವ ಹುಟ್ಟುತ್ತದೆ. ಕೊಳ್ಳುವವರು ಅದನ್ನು ಇದ್ದಂತೆಯೇ ಒಪ್ಪಿದರೆ ಕರಾರು. ಆದ್ದರಿಂದ ಕೇಳಿದ ಪತ್ರವನ್ನು ತಿದ್ದಿದರೆ ಕರಾರು ಮುರಿದಂತಾಗುವುದಿಲ್ಲ. ಜಾತ್ರೆಯ ದಿನ ಬದಲಾಗಬಹುದು, ಅಡುಗೆಯವರು ಲೆಕ್ಕ ಹೆಚ್ಚಿಸಬಹುದು, ಬೆರಳು ತಪ್ಪಿ ಒಂದು ಸೊನ್ನೆ ಹೆಚ್ಚು ಬಿದ್ದಿರಬಹುದು. ತಿದ್ದಲೇಬೇಕಾಗುತ್ತದೆ.

ತೊಡಕಿರುವುದು ಇನ್ನೊಂದು ಕಡೆ. ವರ್ತಕ ಉತ್ತರ ಕೊಡುವುದು ತನ್ನ ಕಣ್ಣಿಗೆ ಬಿದ್ದ ಪ್ರಶ್ನೆಗೆ. ಉತ್ತರ ಬಂದ ಮೇಲೆ ಪ್ರಶ್ನೆಯನ್ನು ಬದಲಿಸಿದರೆ ಅವನು ಆಡದ ಮಾತನ್ನು ಅವನ ಬಾಯಿಗೆ ತುರುಕಿದಂತೆ.

ಐದು ಸಾವಿರ, ಆದರೆ ಯಾವ ಐದು ಸಾವಿರ?

ತೆಂಗಿನ ಸೀಮೆಯದೇ ಒಂದು ಉದಾಹರಣೆ ಕಟ್ಟಿಕೊಳ್ಳೋಣ. ಇದು ಯಾವ ಕ್ಷೇತ್ರದಲ್ಲೂ ನಡೆದದ್ದಲ್ಲ, ಅರ್ಥ ಮಾಡಿಕೊಳ್ಳಲು ಹಾಕಿಕೊಂಡ ಲೆಕ್ಕ.

ಜಾತ್ರೆಗೆ ಅಡುಗೆ ಮಾಡಿಸುವ ಸಮಿತಿಯೊಂದು ‘ತೆಂಗಿನಕಾಯಿ, 5,000’ ಎಂದು ಬರೆದು, ಅಳತೆಯ ಕಲಮಿನಲ್ಲಿ ‘ಸಂಖ್ಯೆ’ ಎಂದು ಆರಿಸಿ, ಕುಣಿಗಲ್, ಗುಬ್ಬಿ, ತುಮಕೂರಿನ ಮೂವರು ವರ್ತಕರಿಗೆ ಕಳುಹಿಸುತ್ತದೆ. ಕುಣಿಗಲ್ಲಿನವರು ಅಂದೇ ಸಂಜೆ ಉತ್ತರಿಸುತ್ತಾರೆ: ಕಾಯಿಗೆ 30 ರೂಪಾಯಿ. ಮಾರನೇ ದಿನ ಅಡುಗೆಯವರು, ‘ಕಾಯಿ ಸಣ್ಣದು ದೊಡ್ಡದು ಇರ್ತವೆ, ನಮಗೆ ತೂಕದ ಲೆಕ್ಕದಲ್ಲಿ ಬೇಕು’ ಎನ್ನುತ್ತಾರೆ. ಗುಮಾಸ್ತರು ಪತ್ರ ತೆರೆದು ‘ಸಂಖ್ಯೆ’ ಇದ್ದಲ್ಲಿ ‘ಕೆ.ಜಿ.’ ಮಾಡುತ್ತಾರೆ. 5,000 ಹಾಗೇ ಉಳಿಯುತ್ತದೆ. ಆಮೇಲೆ ಪತ್ರ ನೋಡಿದ ಗುಬ್ಬಿಯ ವರ್ತಕರು ಕೆ.ಜಿ.ಗೆ 55 ರೂಪಾಯಿ ಎಂದು ಬರೆಯುತ್ತಾರೆ.

ಹೋಲಿಕೆ ಪಟ್ಟಿ ತೆರೆದರೆ ಕಾಣುವುದು ಎರಡೇ ಅಂಕಿ: 30 ಮತ್ತು 55. ಕುಣಿಗಲ್ಲಿನವರೇ ಅಗ್ಗ ಎಂದು ಪಟ್ಟಿ ಹೇಳುತ್ತದೆ.

ಈಗ ನಿಜವಾದ ಲೆಕ್ಕ. ಒಂದು ಕಾಯಿ ಅರ್ಧ ಕೆ.ಜಿ. ತೂಗುತ್ತದೆ ಎಂದುಕೊಳ್ಳಿ. ಗುಬ್ಬಿಯವರ ದರ ಕಾಯಿಗೆ 27 ರೂಪಾಯಿ 50 ಪೈಸೆ. ಅಂದರೆ ಕಡಿಮೆ ಹೇಳಿದವರು ಅವರೇ. 30 ರೂಪಾಯಿ ಹೇಳಿದ ಕುಣಿಗಲ್ಲಿನವರ ಹೆಸರಿಗೆ 5,000 ಕೆ.ಜಿ.ಯ ಆದೇಶ ಹೋದರೆ ಅವರು 10,000 ಕಾಯಿ ಕೊಡಬೇಕು, ಕೈಗೆ ಬರುವುದು 1,50,000 ರೂಪಾಯಿ. ಅವರದೇ ದರದಲ್ಲಿ ಆ ಕಾಯಿಯ ಬೆಲೆ 3,00,000. ಅವರು ಕೊಡಲಾರರು. ಜಾತ್ರೆಗೆ ನಾಲ್ಕು ದಿನ ಇರುವಾಗ ಸಮಿತಿ ಸಿಕ್ಕಿದ ದರಕ್ಕೆ ಸಿಕ್ಕಿದ ಕಾಯಿಯನ್ನು ಹುಡುಕುತ್ತಾ ಓಡಾಡಬೇಕು. ಕಡಿಮೆ ದರ ಹೇಳಿದವರಿಗೆ ಕೆಲಸ ತಪ್ಪಿತು, ಗೆದ್ದವರಿಗೆ ನಷ್ಟ ಬಂತು, ಕೊಳ್ಳುವವರಿಗೆ ಕಾಯಿ ಸಿಗಲಿಲ್ಲ. ಇದರಲ್ಲಿ ಯಾರೂ ಮೋಸ ಮಾಡಿಲ್ಲ. ಒಂದು ಪದ ಬದಲಾಯಿತು, ಬದಲಾದದ್ದು ಎಲ್ಲರಿಗೂ ತಿಳಿಯಲಿಲ್ಲ, ಅಷ್ಟೇ.

ಅಳತೆಯ ಜೊತೆ ವಿವರಣೆಯ ಕಷ್ಟವೂ ಇದೆ. ಪೂಜೆಗೆ ಜುಟ್ಟು ಇರುವ ಕಾಯಿಯೇ ಆಗಬೇಕು. ಅಡುಗೆಗೆ ಪೂರ್ತಿ ಸುಲಿದದ್ದು ನಡೆಯುತ್ತದೆ. ಬರೀ ‘ತೆಂಗಿನಕಾಯಿ’ ಎಂದು ಬರೆದರೆ ವರ್ತಕರು ಫೋನ್ ಮಾಡಿ ಕೇಳುವುದು ಸಹಜ: ‘ಸಾರ್, ಜುಟ್ಟು ಇರ್ಬೇಕಾ, ಪೂರ್ತಿ ಸುಲಿದಿದ್ದಾದ್ರೆ ಆಗುತ್ತಾ?’ ಇದಕ್ಕೆ ಫೋನಿನಲ್ಲಿ ಕೊಟ್ಟ ಉತ್ತರವೂ ಒಂದು ತಿದ್ದುಪಡಿಯೇ. ಅದನ್ನು ಕೇಳಿಸಿಕೊಂಡವರು ಒಬ್ಬರು, ಕೇಳದೆ ಉಳಿದವರು ಇಬ್ಬರು.

ಕರಡಿಗೊಂದು ನಿಯಮ, ಕಳುಹಿಸಿದ್ದಕ್ಕೊಂದು

ಖರೀದಿಯ ತಂತ್ರಾಂಶ ಕಟ್ಟಿದವರಿಗೆ ಈ ಅಪಾಯ ಗೊತ್ತಿತ್ತು. ಆದ್ದರಿಂದ ಪತ್ರದ ಬದುಕನ್ನು ಅವರು ಹಂತಗಳಾಗಿ ಒಡೆದಿದ್ದಾರೆ. ಮೊದಲು ಕರಡು. ಅಲ್ಲಿ ಎಷ್ಟು ಸಲ ಬೇಕಾದರೂ ತಿದ್ದಬಹುದು, ಹೊರಗಿನವರು ಯಾರೂ ಅದನ್ನು ಕಂಡಿರುವುದಿಲ್ಲ. ಕಳುಹಿಸಿದ ಮೇಲಿನ ನಡವಳಿಕೆ ತಂತ್ರಾಂಶದಿಂದ ತಂತ್ರಾಂಶಕ್ಕೆ ಬೇರೆ.

ಸಣ್ಣ ಉದ್ಯಮಗಳು ಬಳಸುವ ಇಆರ್‌ಪಿ ನೆಕ್ಸ್ಟ್ ಮುಂಬೈಯ ಫ್ರಾಪೆ ಸಂಸ್ಥೆ ಕಟ್ಟಿದ ಮುಕ್ತ ತಂತ್ರಾಂಶ. ಅದರಲ್ಲಿ ಪತ್ರವನ್ನು ಒಮ್ಮೆ ‘ಸಬ್ಮಿಟ್’ ಮಾಡಿದರೆ ಸಾಮಾನು, ಪ್ರಮಾಣಗಳಿಗೆ ಬೀಗ ಬೀಳುತ್ತದೆ. ತಿದ್ದಬೇಕಾದರೆ ಮೊದಲು ರದ್ದು ಮಾಡಬೇಕು, ಆಮೇಲೆ ‘ಅಮೆಂಡ್’ ಒತ್ತಬೇಕು. ಆಗ ಹಳೆಯ ಸಂಖ್ಯೆಯ ಬಾಲಕ್ಕೆ ‘-1’ ಸೇರಿ ಹೊಸ ಪತ್ರ ಹುಟ್ಟುತ್ತದೆ. ಹಳೆಯದು ‘ರದ್ದಾಗಿದೆ’ ಎಂಬ ಗುರುತಿನೊಂದಿಗೆ ಅಲ್ಲೇ ಉಳಿಯುತ್ತದೆ. ಆ ಪತ್ರಕ್ಕೆ ಆಗಲೇ ದರಪಟ್ಟಿ ಸಲ್ಲಿಕೆಯಾಗಿ ಜೋಡಣೆಯಾಗಿದ್ದರೆ, ಅದರ ಗತಿ ತೀರ್ಮಾನಿಸದೆ ಮುಂದೆ ಹೋಗಲು ತಂತ್ರಾಂಶ ಬಿಡುವುದಿಲ್ಲ. ನಮ್ಮ ತೆಂಗಿನಕಾಯಿಯ ಗೊಂದಲ ಇಲ್ಲಿ ಹುಟ್ಟುವುದೇ ಕಷ್ಟ.

ಒಡೂ ಎಂಬ ಇನ್ನೊಂದು ತಂತ್ರಾಂಶ ಇಷ್ಟು ಬಿಗಿಯಲ್ಲ. ದರ ಕೇಳಿ ಕಳುಹಿಸಿದ ಮೇಲೂ, ಖರೀದಿ ಆದೇಶವಾಗುವ ತನಕ, ಅದೇ ಪತ್ರದಲ್ಲಿ ಸಾಲುಗಳನ್ನು ಬದಲಿಸಬಹುದು. ಬದಲಿಸಿದ್ದನ್ನು ಮತ್ತೆ ಕಳುಹಿಸುವ ಹೊಣೆ ಬಳಸುವವರ ಮೇಲೆ. ಇದು ಅನುಕೂಲವೂ ಹೌದು, ಮರೆತರೆ ಅಪಾಯವೂ ಹೌದು. ದೊಡ್ಡ ಕಾರ್ಖಾನೆಗಳಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ ಸ್ಯಾಪ್‌ನಲ್ಲಿ ದರ ಕೇಳುವ ಪತ್ರ ಹುಟ್ಟಿಸಲು ಎಂಇ41, ತಿದ್ದಲು ಎಂಇ42, ಬರೀ ನೋಡಲು ಎಂಇ43 ಎಂಬ ಮೂರು ಬೇರೆ ಬಾಗಿಲುಗಳಿವೆ. ಯಾರಿಗೆ ಯಾವ ಬಾಗಿಲಿನ ಕೀಲಿ ಕೊಡಬೇಕೆಂದು ಕಾರ್ಖಾನೆ ಮೊದಲೇ ನಿರ್ಧರಿಸಬಹುದು.

ಯಾವ ತಂತ್ರಾಂಶವೇ ಆಗಲಿ, ನೋಡಬೇಕಾದದ್ದು ಮೂರು ಸಂಗತಿ. ಹಳೆಯದು ಉಳಿಯುತ್ತದೆಯೇ? ಯಾರು, ಯಾವಾಗ ತಿದ್ದಿದರೆಂದು ದಾಖಲಾಗುತ್ತದೆಯೇ? ತಿದ್ದಿದ ಸುದ್ದಿ ಎಲ್ಲ ವರ್ತಕರಿಗೂ ಹೋಗುತ್ತದೆಯೇ?

ಅಳಿಸಬಹುದಾದ ಕಡತ

ನಮ್ಮ ಕಚೇರಿಗಳಲ್ಲಿ ಫೈಲಿಗೆ ಕಡತ ಎನ್ನುತ್ತೇವೆ. ಹಿಂದೆ ಕಡತವೆಂದರೆ ಮಡಿಸಿಟ್ಟ ಬಟ್ಟೆಯ ಪುಸ್ತಕ. ಬಟ್ಟೆಗೆ ಹುಣಸೆ ಬೀಜದ ಸರಿ ಮತ್ತು ಇದ್ದಿಲಿನ ಪುಡಿ ಬಳಿದು, ಒಣಗಿಸಿ, ಬಳಪದಿಂದ ಬರೆಯುತ್ತಿದ್ದರು. ಮಠಗಳ ದಾಖಲೆ, ವರ್ತಕರ ಲೆಕ್ಕ ಇವುಗಳಲ್ಲಿರುತ್ತಿದ್ದವು. ಶೃಂಗೇರಿ ಮಠದ ಕಡತಗಳು ಇತಿಹಾಸಕಾರರಿಗೆ ಆಕರವಾಗಿವೆ. ಸ್ಲೇಟಿನಂತೆ ಒರೆಸಿ ಮತ್ತೆ ಬರೆಯಬಹುದಾಗಿದ್ದದ್ದು ಕಡತದ ಗುಣ. ಅಳಿಯಬಾರದ ಮಾತನ್ನು ಕಲ್ಲಿನ ಮೇಲೆ, ತಾಮ್ರಪಟದ ಮೇಲೆ ಕೊರೆಸುತ್ತಿದ್ದರು.

ಕರಡು ಮತ್ತು ಕಳುಹಿಸಿದ ಪತ್ರದ ನಡುವಿನ ಅಂತರ ಇದೇ. ಮನಸ್ಸಿನಲ್ಲಿ ಲೆಕ್ಕ ಹಾಕುವಾಗ ಬಳಪ ಸಾಕು. ಇನ್ನೊಬ್ಬರು ಅದನ್ನು ನಂಬಿ ತಮ್ಮ ದುಡ್ಡಿನ ಲೆಕ್ಕ ಹಾಕತೊಡಗಿದ ಮೇಲೆ ಒರೆಸಿ ಬರೆಯುವ ಹಕ್ಕು ನಮಗಿಲ್ಲ. ಹಳೆಯದನ್ನು ಹಾಗೇ ಉಳಿಸಿ, ಪಕ್ಕದಲ್ಲಿ ಹೊಸದನ್ನು ಬರೆಯಬೇಕು. ಹಾಗೆ ಬರೆದ ಕಾಗದಕ್ಕೆ ಕನ್ನಡದ ಕಚೇರಿಗಳಲ್ಲಿ ಒಂದು ಅಂದವಾದ ಹೆಸರಿದೆ: ತಿದ್ದೋಲೆ. ತಿದ್ದಿದ್ದನ್ನು ಸಾರುವ ಓಲೆ. ತಿದ್ದಿದರೆ ಸಾಲದು, ಓಲೆಯೂ ಹೋಗಬೇಕು ಎಂಬುದು ಆ ಪದದಲ್ಲೇ ಇದೆ.

ಕಾಯ್ದೆ ಏನು ಬಯಸುತ್ತದೆ?

ಸರ್ಕಾರಿ ಖರೀದಿಗೆ ನಮ್ಮ ರಾಜ್ಯದಲ್ಲಿ 1999ರ ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮ ಇದೆ. ಕೆಟಿಪಿಪಿ ಕಾಯ್ದೆ ಎಂದರೆ ಗುತ್ತಿಗೆದಾರರಿಗೆಲ್ಲ ಗೊತ್ತು. ಅದರ ನಿಯಮಗಳು 2000ದಲ್ಲಿ ಬಂದವು. ಮಿತಿಯೊಳಗಿನ ಸಣ್ಣ ಖರೀದಿಗೆ ಕೊಟೇಶನ್ ಸಾಕು, ಅದನ್ನು ದಾಟಿದರೆ ಟೆಂಡರ್. ಟೆಂಡರ್ ಸುದ್ದಿ ನಾಲ್ಕು ಜನರ ಕಿವಿಗಷ್ಟೇ ಬೀಳದಿರಲಿ ಎಂದು ಕಾಯ್ದೆ ರಾಜ್ಯಕ್ಕೂ ಜಿಲ್ಲೆಗಳಿಗೂ ಟೆಂಡರ್ ಬುಲೆಟಿನ್‌ನ ಏರ್ಪಾಡು ಮಾಡಿತು. ಆಮೇಲೆ ಇ-ಸಂಗ್ರಹಣೆಯ ಜಾಲತಾಣ ಬಂತು. ಈಗ ಕೆಪಿಪಿಪಿ ಹೆಸರಿನ ಕರ್ನಾಟಕ ಸಾರ್ವಜನಿಕ ಸಂಗ್ರಹಣಾ ಪೋರ್ಟಲ್ ಇದೆ. ಕೇಂದ್ರದ ಇಲಾಖೆಗಳು ಖರೀದಿಸುವ ‘ಜೆಮ್’ ಎಂಬ ಆನ್‌ಲೈನ್ ಮಾರುಕಟ್ಟೆ 2016ರ ಆಗಸ್ಟ್‌ನಲ್ಲಿ ಶುರುವಾಯಿತು.

ಸಮಯ ಕೊಡುವುದೂ ನ್ಯಾಯದ ಭಾಗ ಎಂದು ನಿಯಮ ರೂಪಿಸಿದವರು ತಿಳಿದಿದ್ದರು. 2000ದ ಮೂಲ ನಿಯಮದಂತೆ 2 ಕೋಟಿ ರೂಪಾಯಿವರೆಗಿನ ಟೆಂಡರಿಗೆ ಕನಿಷ್ಠ 30 ದಿನ, ಅದಕ್ಕೂ ಮೇಲಿನದಕ್ಕೆ 60 ದಿನ ಕೊಡಬೇಕಿತ್ತು. ಕಡಿಮೆ ಮಾಡಬೇಕಾದರೆ ಮೇಲಧಿಕಾರಿ ಕಾರಣವನ್ನು ಬರಹದಲ್ಲಿ ದಾಖಲಿಸಬೇಕಿತ್ತು. ಇಷ್ಟು ಸಮಯ ಕೊಟ್ಟು, ಕೊನೆಯ ದಿನ ಸಂಜೆ ಪ್ರಮಾಣವನ್ನು ಎರಡು ಪಟ್ಟು ಮಾಡಿದರೆ ಕೊಟ್ಟ ದಿನಗಳೆಲ್ಲ ವ್ಯರ್ಥ. ಅದಕ್ಕೇ ದೊಡ್ಡ ತಿದ್ದುಪಡಿಯ ಜೊತೆ ಕೊನೆಯ ದಿನಾಂಕವನ್ನೂ ಮುಂದಕ್ಕೆ ಹಾಕುವುದು ಒಳ್ಳೆಯ ಕಚೇರಿಯ ರೂಢಿ.

ಟೆಂಡರ್ ತೆರೆಯುವ ಮುನ್ನ ದಾಖಲೆ ತಿದ್ದಲು ಅವಕಾಶವಿದೆ. ತಿದ್ದಿದರೆ ದಾಖಲೆ ಪಡೆದವರಿಗೆಲ್ಲ ತಿಳಿಸಬೇಕು. ಒಬ್ಬರು ಅನುಮಾನ ಕೇಳಿದರೆ, ಕೇಳಿದವರ ಹೆಸರು ಬಿಟ್ಟು, ಉತ್ತರವನ್ನು ಎಲ್ಲರಿಗೂ ಕಳುಹಿಸುವುದು ಸರಿಯಾದ ದಾರಿ. ದಾಸೋಹದ ಮಾತಿನಲ್ಲಿ ಹೇಳುವುದಾದರೆ, ಪಂಕ್ತಿಭೇದ ಕೂಡದು. ಒಂದೇ ಸಾಲಿನಲ್ಲಿ ಕೂತವರಲ್ಲಿ ಒಬ್ಬರ ಎಲೆಗೆ ತುಪ್ಪ ಬಿದ್ದು ಪಕ್ಕದ ಎಲೆ ಒಣಗಿದ್ದರೆ ಅದು ಊಟದ ಅವಮಾನ. ತಿದ್ದುಪಡಿಯ ಸುದ್ದಿ ಒಬ್ಬ ವರ್ತಕರಿಗೆ ಮೊದಲೇ ಸಿಕ್ಕಿ ಇನ್ನೊಬ್ಬರಿಗೆ ಸಿಗದಿದ್ದರೆ ಅದು ವ್ಯವಹಾರದ ಅವಮಾನ.

ಎಲ್ಲ ತಿದ್ದುಪಡಿಯೂ ಒಂದೇ ತೂಕವಲ್ಲ

ವಿಳಾಸದ ಕಾಗುಣಿತ, ಸಂಪರ್ಕದ ಫೋನ್ ಸಂಖ್ಯೆ, ಲಾರಿ ಬರಬೇಕಾದ ಬಾಗಿಲು, ಇವು ದರವನ್ನು ಅಲುಗಾಡಿಸುವುದಿಲ್ಲ. ತಿದ್ದಿ, ತಿಳಿಸಿದರೆ ಸಾಕು.

ಪ್ರಮಾಣ, ಅಳತೆ, ಗುಣಮಟ್ಟ, ಸಾಗಣೆಯ ಸ್ಥಳ, ಹಣ ಪಾವತಿಯ ಗಡುವು, ಇವು ನೇರವಾಗಿ ದರಕ್ಕೆ ತಟ್ಟುತ್ತವೆ. ‘ಸಾಮಾನು ತಲುಪಿದ ದಿನವೇ ಹಣ’ ಎಂದಿದ್ದದ್ದು ‘60 ದಿನದ ಮೇಲೆ’ ಎಂದಾದರೆ, ಬಡ್ಡಿಗೆ ಸಾಲ ತಂದು ವ್ಯಾಪಾರ ಮಾಡುವವರ ಲೆಕ್ಕವೇ ಬೇರೆಯಾಗುತ್ತದೆ. ಇಂಥ ತಿದ್ದುಪಡಿಯಾದರೆ ಹಳೆಯ ದರಪಟ್ಟಿಗಳನ್ನು ಬದಿಗಿಟ್ಟು ಎಲ್ಲರಿಂದಲೂ ಹೊಸ ದರ ಕೇಳಬೇಕು. ಹಳೆಯ ಉತ್ತರವನ್ನು ಹೊಸ ಪ್ರಶ್ನೆಯ ಕೆಳಗೆ ಇಡಬಾರದು. ಹೊಸ ವರ್ತಕರನ್ನು ನಡುವೆ ಸೇರಿಸಿಕೊಂಡರೆ ಅವರಿಗೂ ಉಳಿದವರಷ್ಟೇ ಸಮಯ ಸಿಗಬೇಕು.

ದರಗಳನ್ನು ತೆರೆದು ನೋಡಿದ ಮೇಲೆ ಮಾತ್ರ ತಿದ್ದುವ ಮಾತೇ ಇಲ್ಲ. ಯಾರು ಎಷ್ಟು ಹೇಳಿದ್ದಾರೆಂದು ಗೊತ್ತಾದ ಬಳಿಕ ಅಗತ್ಯವನ್ನು ಬದಲಿಸಿದರೆ, ಬದಲಿಸಿದವರ ಮನಸ್ಸು ಎಷ್ಟೇ ಶುದ್ಧವಾಗಿರಲಿ, ನಂಬುವವರು ಇರುವುದಿಲ್ಲ. ಅಗತ್ಯ ನಿಜವಾಗಿ ಬದಲಾಗಿದ್ದರೆ ಆ ಪತ್ರವನ್ನು ರದ್ದು ಮಾಡಿ, ಕಾರಣ ಬರೆದು, ಹೊಸದಾಗಿ ಕೇಳಬೇಕು. ತಡವಾಗುತ್ತದೆ, ನಿಜ. ಆ ತಡವೇ ಎಲ್ಲರನ್ನೂ ಕಾಯುತ್ತದೆ.

ಲೇತ್ ಶೆಡ್ಡಿನಲ್ಲೂ ಇದೇ ಪಾಠ

ಕಾಯಿ, ಬೇಳೆಯ ಮಾತಾಯಿತು, ಇನ್ನು ಯಂತ್ರಭಾಗಗಳದು. ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲ್‌ನಲ್ಲಿ 615 ಎಕರೆಯಲ್ಲಿ ಎಚ್‌ಎಎಲ್‌ನ ಹೆಲಿಕಾಪ್ಟರ್ ಕಾರ್ಖಾನೆ 2023ರ ಫೆಬ್ರುವರಿ 6ರಂದು ಉದ್ಘಾಟನೆಯಾಯಿತು. ತುಮಕೂರಿನ ಅಂತರಸನಹಳ್ಳಿ, ವಸಂತನರಸಾಪುರಗಳಲ್ಲಿ ಕೈಗಾರಿಕಾ ಪ್ರದೇಶಗಳಿವೆ. ನಾಲ್ಕೈದು ಯಂತ್ರ ಇಟ್ಟುಕೊಂಡ ಚಿಕ್ಕ ಶೆಡ್ಡಿನವರು ದೊಡ್ಡ ಖರೀದಿದಾರರಿಗೆ ದರ ಕೊಡುವ ಅವಕಾಶ ಈ ಸೀಮೆಯಲ್ಲಿ ಬೆಳೆಯುತ್ತಿದೆ. ಕೇಂದ್ರದ ಇಲಾಖೆಗಳು ಮತ್ತು ಉದ್ಯಮಗಳು ತಮ್ಮ ವಾರ್ಷಿಕ ಖರೀದಿಯ ಶೇ 25ನ್ನು ಅತಿಸಣ್ಣ ಮತ್ತು ಸಣ್ಣ ಉದ್ಯಮಗಳಿಂದ ಮಾಡಬೇಕೆಂಬ ನೀತಿಯೂ ಇದೆ. ಅದರಲ್ಲಿ ಶೇ 3 ಮಹಿಳೆಯರ ಉದ್ಯಮಗಳಿಗೆ ಮೀಸಲು.

ಯಂತ್ರಭಾಗದ ದರ ನಿಂತಿರುವುದು ನಕ್ಷೆಯ ಮೇಲೆ. ನಕ್ಷೆ ಬದಲಾದಂತೆ ಅದರ ಮೂಲೆಯಲ್ಲಿನ ‘ರಿವಿಷನ್’ ಗುರುತು ಬದಲಾಗುತ್ತದೆ. ರಂಧ್ರದ ಅಳತೆಯಲ್ಲಿ ಕೂದಲೆಳೆಯಷ್ಟು ವ್ಯತ್ಯಾಸವಾದರೂ ಬೇರೆ ಉಪಕರಣ, ಬೇರೆ ಸಮಯ, ಬೇರೆ ದರ. ದರ ಕೇಳಿದ ಪತ್ರಕ್ಕೆ ಹೊಸ ನಕ್ಷೆ ಲಗತ್ತಿಸಿ, ಹಳೆಯದನ್ನು ತೆಗೆಯದೆ ಬಿಟ್ಟರೆ, ಒಂದು ಶೆಡ್ಡಿನವರು ಹಳೆಯದಕ್ಕೆ, ಇನ್ನೊಬ್ಬರು ಹೊಸದಕ್ಕೆ ದರ ಹೇಳುತ್ತಾರೆ. ಅಲ್ಲಿ ತೆಂಗಿನಕಾಯಿಯ ಕಥೆಯೇ ಕಬ್ಬಿಣದಲ್ಲಿ ಮರುಕಳಿಸುತ್ತದೆ.

ಗಲ್ಲಾಪೆಟ್ಟಿಗೆಯ ಮುಂದೆ ಕೂತವರ ಕಡೆಯಿಂದ

ಖರೀದಿ ಮಾಡುವವರ ಎದುರು ಇಡೀ ತೆರೆ ಇರುತ್ತದೆ. ಗಲ್ಲಾಪೆಟ್ಟಿಗೆಯ ಮುಂದೆ ಕೂತ ವರ್ತಕರಿಗೆ ಬರುವುದು ಮೊಬೈಲಿನಲ್ಲಿ ಒಂದು ಟಿಂಗ್ ಸದ್ದು. ಗಿರಾಕಿಗಳ ನಡುವೆ ಅದು ಕೇಳಿಸದಿರಬಹುದು. ಎಷ್ಟೋ ಅಂಗಡಿಗಳ ಇಮೇಲ್ ನೋಡುವುದು ಕಾಲೇಜಿಗೆ ಹೋಗುವ ಮಗಳು, ಇಲ್ಲವೇ ಪಕ್ಕದ ಸೈಬರ್ ಸೆಂಟರ್. ಡಿಜಿಟಲ್ ಸಹಿಗೆ 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆ ಕೈಬರಹದ ಸಹಿಯ ಮಾನ್ಯತೆ ಕೊಟ್ಟಿದೆ. ಆ ಸಹಿಯ ಟೋಕನ್ ಬೇರೆಯವರ ಕೈಯಲ್ಲಿದ್ದರೆ ತಿದ್ದೋಲೆ ಓದಿ ಮರುದರ ಸಲ್ಲಿಸುವುದು ಅಂದೇ ಆಗುವ ಕೆಲಸವಲ್ಲ.

ಆದ್ದರಿಂದ ತಿದ್ದುವವರು ಏನು ಬದಲಾಯಿತೆಂದು ಮೊದಲ ಸಾಲಿನಲ್ಲೇ ಬರೆಯಲಿ: ‘ಅಳತೆ: ಸಂಖ್ಯೆ ಎಂದಿದ್ದದ್ದು ಈಗ ಕೆ.ಜಿ.; ಪ್ರಮಾಣ: 5,000 ಕಾಯಿ ಎಂದಿದ್ದದ್ದು ಈಗ 2,500 ಕೆ.ಜಿ.; ಹಿಂದೆ ಕೊಟ್ಟ ದರ ನಡೆಯುವುದಿಲ್ಲ; ಹೊಸ ದರಕ್ಕೆ ಕೊನೆಯ ದಿನ ಇಂಥದ್ದು.’ ಹತ್ತು ಪುಟದ ಪತ್ರವನ್ನು ಮತ್ತೆ ಕಳುಹಿಸಿ ‘ಬದಲಾವಣೆ ಗಮನಿಸಿ’ ಎಂದರೆ ಹುಡುಕುವ ಕೆಲಸವನ್ನು ಇನ್ನೊಬ್ಬರ ತಲೆಗೆ ಕಟ್ಟಿದಂತೆ. ಫೋನಿನಲ್ಲಿ ಹೇಳಿದರೂ ಬರಹದಲ್ಲಿ ಎಲ್ಲರಿಗೂ ಹೋಗಲಿ.

ವರ್ತಕರದೂ ಒಂದಿಷ್ಟು ಹೊಣೆ ಇದೆ. ದರ ಬರೆಯುವಾಗ ಬರೀ ‘30’ ಎಂದು ತುಂಬದೆ, ಟಿಪ್ಪಣಿಯಲ್ಲಿ ‘ಒಂದು ಕಾಯಿಗೆ, ಜುಟ್ಟು ಸಹಿತ, ಇಂಥ ದಿನಾಂಕದ ಪತ್ರದಂತೆ’ ಎಂದು ಬರೆಯುವುದು ಒಳ್ಳೆಯದು. ಕೊನೆಯ ದಿನ ಇನ್ನೊಮ್ಮೆ ಪತ್ರ ತೆರೆದು ನೋಡುವುದು ಇನ್ನೂ ಒಳ್ಳೆಯದು. ದರದ ಪಕ್ಕದಲ್ಲಿ ಅಳತೆ ಬರೆದಿಟ್ಟಿದ್ದರೆ ನಮ್ಮ ಕುಣಿಗಲ್ಲಿನ ವರ್ತಕರ 30 ಯಾರ ಕೈಯಲ್ಲೂ ಕೆ.ಜಿ.ಯ ದರವಾಗುತ್ತಿರಲಿಲ್ಲ.

ಸಾಲಿನ ಕೊನೆಯ ಎಲೆ

ತಂತ್ರಾಂಶ ಬೀಗ ಹಾಕಬಲ್ಲದು, ಬಾಲಕ್ಕೆ ‘-1’ ಸೇರಿಸಬಲ್ಲದು, ಗಳಿಗೆಯನ್ನು ದಾಖಲಿಸಬಲ್ಲದು. ತುಮಕೂರಿನ ಮೂರನೆಯ ವರ್ತಕರಿಗೆ ಸುದ್ದಿ ಮುಟ್ಟಿತೋ ಇಲ್ಲವೋ ಎಂದು ಕಾಳಜಿ ಮಾಡಬೇಕಾದವರು ಕುರ್ಚಿಯಲ್ಲಿ ಕೂತ ಮನುಷ್ಯರು. ನಮ್ಮ ಉದಾಹರಣೆಯಲ್ಲಿ ಅವರು ಉತ್ತರವನ್ನೇ ಕೊಡಲಿಲ್ಲ. ಏಕೆಂದು ಯಾರೂ ಕೇಳಲೂ ಇಲ್ಲ. ಬಹುಶಃ ಪತ್ರವೇ ತಲುಪಿರಲಿಲ್ಲ.

ಯಡಿಯೂರಿನಂಥ ಕ್ಷೇತ್ರಗಳಲ್ಲಿ ದಾಸೋಹದ ಸಾಲಿನಲ್ಲಿ ಕೂತಾಗ ಬಡಿಸುವವರನ್ನು ಗಮನಿಸಿ. ತುದಿಯವರೆಗೆ ಹೋಗಿ, ಒಮ್ಮೆ ಹಿಂತಿರುಗಿ ಸಾಲನ್ನೆಲ್ಲ ಕಣ್ಣಾಡಿಸಿ, ‘ಯಾರಿಗಾದರೂ ಬಿಟ್ಟು ಹೋಯಿತಾ?’ ಎಂದು ಕೇಳುತ್ತಾರೆ. ಅದನ್ನು ಅವರಿಗೆ ಯಾವ ನಿಯಮಪುಸ್ತಕವೂ ಕಲಿಸಿಲ್ಲ. ಆ ಅಡುಗೆಗೆ ಬೇಳೆ, ಕಾಯಿ ತರಿಸುವ ಮೇಜಿನ ಮೇಲೂ ತಿದ್ದೋಲೆ ಕಳುಹಿಸಿದ ಪ್ರತಿ ಸಲ ಅದೇ ಪ್ರಶ್ನೆ ಕೇಳಿಬರಬೇಕು.